ಆಂಕಿ: ಲೆಕ್ಕ ಅದು ನೋಡಿಕೊಳ್ಳುತ್ತದೆ, ಕಾರ್ಡ್ ನೀವು ನೋಡಿಕೊಳ್ಳಬೇಕು

ಹೊಸ ಭಾಷೆಯ ಪದಗಳನ್ನು ವರ್ಷಗಟ್ಟಲೆ ತಲೆಯಲ್ಲಿ ಉಳಿಸಿಕೊಳ್ಳಬೇಕು ಅನ್ನುವವರಿಗೆ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ ಇರುವ ಕಾರ್ಡುಗಳನ್ನು ತೋರಿಸುವ ಆಂಕಿ ಸಾಕು, ಬೇರೆ ಆ್ಯಪ್ ಹುಡುಕುವ ಅಗತ್ಯ ಬೀಳುವುದಿಲ್ಲ. ಆದರೆ ಯಾವ ಕಾರ್ಡನ್ನು ಯಾವ ದಿನ ತೋರಿಸಬೇಕು ಎಂಬ ಲೆಕ್ಕವಷ್ಟೇ ಅದರ ಕೆಲಸ. ಕಾರ್ಡಿನಲ್ಲಿ ಏನಿರಬೇಕು, ದಿನಕ್ಕೆ ಎಷ್ಟು ಹೊಸ ಪದ ಸೇರಬೇಕು ಎಂಬುದೆಲ್ಲ ನಿಮಗೆ ಬಿಟ್ಟಿದ್ದು. ಐದು ಸಾವಿರ ಪದಗಳ ಸಿದ್ಧ ಡೆಕ್ (ಕಾರ್ಡುಗಳ ಕಟ್ಟು) ಇಳಿಸಿಕೊಂಡು, ಇದ್ದ ಸೆಟ್ಟಿಂಗಿನಲ್ಲೇ ಹೊರಟವರು ಎಡವುವುದು ಇಲ್ಲೇ.

ಡೇಮಿಯನ್ ಎಲ್ಮ್ಸ್ 2006ರಲ್ಲಿ ಹೊರತಂದ ಈ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತ, ಓಪನ್ ಸೋರ್ಸ್ ಕೂಡ. ಆಂಡ್ರಾಯ್ಡ್‌ನ ಆಂಕಿಡ್ರಾಯ್ಡ್ ಬೇರೆ ಸ್ವಯಂಸೇವಕರ ತಂಡದ್ದು, ಅದೂ ಉಚಿತ. ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ ಒಂದು ಸಲ ದುಡ್ಡು ಕೊಡಬೇಕು. ಆಂಕಿವೆಬ್ ಖಾತೆ ತೆರೆದರೆ ಎಲ್ಲ ಸಾಧನಗಳ ನಡುವೆ ಸಿಂಕ್ ಆಗುತ್ತದೆ. ಆ್ಯಪ್ ಸ್ಟೋರ್‌ಗಳಲ್ಲಿ ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಇವೆ. ಅವಕ್ಕೂ ಇದಕ್ಕೂ ಸಂಬಂಧವಿಲ್ಲ, ಇಳಿಸುವ ಮುನ್ನ ಹೆಸರು ಸರಿಯಾಗಿ ನೋಡಿಕೊಳ್ಳಿ.

ಬಹಳ ಕಾಲ ಆಂಕಿ ಬಳಸಿದ್ದು ಎಸ್‌ಎಂ-2 ಸೂತ್ರದ ಒಂದು ಮಾರ್ಪಾಡು. ಪಿಯೋತ್ರ್ ವೋಜ್ನಿಯಾಕ್ 1987ರಲ್ಲಿ ತನ್ನ ಕಲಿಕೆಯ ತಂತ್ರಾಂಶ ಸೂಪರ್‌ಮೆಮೊಗಾಗಿ ರೂಪಿಸಿದ ಸೂತ್ರ ಅದು. ಪ್ರತಿ ಕಾರ್ಡಿಗೂ ಮುಂದಿನ ಸಲದ ಅಂತರವನ್ನು ಹಿಗ್ಗಿಸುವ ಒಂದು ಗುಣಕ ಇರುತ್ತದೆ, ಆರಂಭದಲ್ಲಿ 2.5. ಉತ್ತರ ನೋಡಿದ ಮೇಲೆ ಒತ್ತಲು ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕು ಗುಂಡಿಗಳಿವೆ. ಆಂಕಿಯಲ್ಲಿ ಪದ ಮರೆತಾಗ ಅದು 0.20 ಇಳಿಯುತ್ತದೆ, ಹಾರ್ಡ್ ಒತ್ತಿದರೆ 0.15. 1.3ಕ್ಕೆ ಬಂದು ನಿಲ್ಲುತ್ತದೆ. ಗುಡ್ ಎಷ್ಟೇ ಸಲ ಒತ್ತಿದರೂ ಮೇಲೇರುವುದಿಲ್ಲ. ಹೀಗಾಗಿ ಶುರುವಿನಲ್ಲಿ ನಾಲ್ಕಾರು ಸಲ ತಪ್ಪಿದ ಪದ, ಆಮೇಲೆ ಬಾಯಿಪಾಠವಾಗಿದ್ದರೂ, ವಾರ ವಾರ ಎದುರಿಗೆ ಬಂದು ನಿಲ್ಲುತ್ತಿತ್ತು. 2023ರ 23.10 ಆವೃತ್ತಿಯಲ್ಲಿ ಸೇರಿದ ಹೊಸ ಸೂತ್ರ ಎಫ್‌ಎಸ್‌ಆರ್‌ಎಸ್ ಈ ಕಾಟ ತಪ್ಪಿಸಿದೆ. ಅದು ಕಾರ್ಡಿನ ಕಷ್ಟ, ನೆನಪಿನ ಗಟ್ಟಿತನ, ಈ ಹೊತ್ತಿಗೆ ನೆನಪಾಗುವ ಸಾಧ್ಯತೆ ಎಂದು ಮೂರನ್ನು ಅಳೆಯುತ್ತದೆ. ಗಟ್ಟಿತನವೆಂದರೆ ನೆನಪಾಗುವ ಸಾಧ್ಯತೆ ನೂರರಿಂದ ತೊಂಬತ್ತಕ್ಕೆ ಇಳಿಯಲು ಹಿಡಿಯುವ ದಿನಗಳು. ಡೆಕ್ ಆಪ್ಷನ್ಸ್ ತೆರೆದು ಎಫ್‌ಎಸ್‌ಆರ್‌ಎಸ್ ಆನ್ ಆಗಿದೆಯೇ ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ಮಾಡಿ. ಹೊಸಬರು ಹಳೆಯ ಸೂತ್ರದ ತಂಟೆಗೆ ಹೋಗಲು ಯಾವ ಕಾರಣವೂ ಇಲ್ಲ.

ಅಲ್ಲೇ ಡಿಸೈರ್ಡ್ ರಿಟೆನ್ಷನ್ ಎಂಬ ಅಂಕಿ ಇದೆ, ಮೊದಲಿಗೆ 0.90. ಕಾರ್ಡ್ ಬಂದಾಗ ನೂರರಲ್ಲಿ ತೊಂಬತ್ತು ಸಲ ಉತ್ತರ ಹೊಳೆಯಬೇಕು ಎಂದರ್ಥ. ಇನ್ನೂ ಚೆನ್ನಾಗಿರಲಿ ಎಂದು ಇದನ್ನು 0.95ಕ್ಕೆ ಏರಿಸುವ ಆಸೆ ಬಹಳ ಜನಕ್ಕೆ. ಏರಿಸಿದರೆ ಎರಡು ರಿವ್ಯೂಗಳ, ಅಂದರೆ ಕಾರ್ಡನ್ನು ಮರಳಿ ನೋಡುವ ಎರಡು ಸರದಿಗಳ ನಡುವಿನ ಅಂತರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಐದು ಹೆಚ್ಚುವರಿ ಪದ ನೆನಪಿರಲೆಂದು ಉಳಿದ ತೊಂಬತ್ತನ್ನೂ ಮತ್ತೆ ಮತ್ತೆ ತಿರುವಿಹಾಕಿದ ಹಾಗೆ. ಪದಗಳ ಮಟ್ಟಿಗೆ 0.85ರಿಂದ 0.90 ಧಾರಾಳ ಸಾಕು. ಓದುವಾಗ, ಕೇಳುವಾಗ ಅವೇ ಪದಗಳು ಪುಕ್ಕಟೆಯಾಗಿ ಇನ್ನೊಮ್ಮೆ ಸಿಗುತ್ತವಲ್ಲ. ಆಪ್ಟಿಮೈಸ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿದರೆ ನಿಮ್ಮ ಉತ್ತರಗಳನ್ನು ನೋಡಿ ಸೂತ್ರ ತನ್ನನ್ನು ತಿದ್ದಿಕೊಳ್ಳುತ್ತದೆ. ಅದರ ಜೊತೆಗಿರುವ ರೀಶೆಡ್ಯೂಲ್ ಆಯ್ಕೆಯನ್ನು ಆನ್ ಮಾಡಬೇಡಿ. ಎಲ್ಲ ಕಾರ್ಡಿನ ದಿನಾಂಕವೂ ಒಮ್ಮೆಗೇ ಬದಲಾಗಿ, ಮಾರನೆಯ ದಿನಕ್ಕೆ ರಾಶಿ ಬಿದ್ದರೂ ಬಿದ್ದೀತು.

ದಿನದ ಮಿತಿಗಳು ಮೊದಲಿಗೆ ಹೊಸ ಕಾರ್ಡ್ 20, ರಿವ್ಯೂ 200 ಎಂದಿರುತ್ತವೆ. ಸುಮಾರು ಲೆಕ್ಕದಲ್ಲಿ ದಿನಕ್ಕೆ ಸೇರಿಸುವ ಹೊಸ ಕಾರ್ಡುಗಳ ಹತ್ತರಷ್ಟು ರಿವ್ಯೂ ಕೆಲವೇ ತಿಂಗಳಲ್ಲಿ ನಿತ್ಯ ಬರತೊಡಗುತ್ತದೆ. ಇಪ್ಪತ್ತು ಸೇರಿಸಿದರೆ ಇನ್ನೂರು. ಕಾರ್ಡಿಗೆ ಎಂಟು ಸೆಕೆಂಡ್ ಹಿಡಿದರೂ ಇಪ್ಪತ್ತೇಳು ನಿಮಿಷ, ಭಾನುವಾರವೂ ಸೇರಿ. ಮೊದಲ ವಾರ ಐದೇ ನಿಮಿಷದಲ್ಲಿ ಮುಗಿಯುವುದರಿಂದ ಇದು ಯಾರಿಗೂ ಕಾಣುವುದಿಲ್ಲ. ಎಂಟು ಅಥವಾ ಹತ್ತರಿಂದ ಹೊರಡಿ, ಮೂರು ತಿಂಗಳು ಅಲುಗಾಡಿಸಬೇಡಿ. ರಿವ್ಯೂ ಮಿತಿಯನ್ನು ಮಾತ್ರ 9999ಕ್ಕೆ ಏರಿಸಿ. ಮಿತಿ ಮುಟ್ಟಿದ ಮೇಲೆ ಉಳಿದ ಕಾರ್ಡುಗಳು ಕಣ್ಣಿಗೆ ಬೀಳದೆ ಹಿಂದೆ ಜಮೆಯಾಗುತ್ತವೆ, ನಿಮಗೋ ಇವತ್ತಿನದು ಮುಗಿಯಿತೆಂಬ ಭ್ರಮೆ.

ಗುಂಡಿಗಳಲ್ಲಿ ದೂರಬೇಕಾದದ್ದು ಹಾರ್ಡ್. ಅಗೇನ್ ಎಂದರೆ ಮರೆತೆ. ಹಾರ್ಡ್, ಗುಡ್, ಈಸಿ ಮೂರೂ ನೆನಪಾಯಿತು ಎಂದೇ ಅರ್ಥ. ಹಾರ್ಡ್ ಎಂಬ ಹೆಸರು ಕೇಳಿದವರು 'ಅರ್ಧಂಬರ್ಧ ಗೊತ್ತಿತ್ತು, ತಪ್ಪಾಯಿತು' ಅನ್ನುವಾಗಲೂ ಅದನ್ನೇ ಒತ್ತುತ್ತಾರೆ. ಮರೆತ ಪದವನ್ನು ನೆನಪಿದೆ ಎಂದು ಸೂತ್ರಕ್ಕೆ ಸುಳ್ಳು ಹೇಳಿದ ಹಾಗಾಯಿತು. ಅದನ್ನು ನಂಬಿ ಅದು ಎಲ್ಲ ಕಾರ್ಡುಗಳ ಅಂತರವನ್ನೂ ಬೇಕಾದ್ದಕ್ಕಿಂತ ಉದ್ದ ಎಳೆಯುತ್ತದೆ. ಎಫ್‌ಎಸ್‌ಆರ್‌ಎಸ್ ಸರಿಯಿಲ್ಲ ಎಂದು ದೂರುವ ಅನೇಕರಲ್ಲಿ ರೋಗ ಇದೇ. ಸ್ಪೇಸ್‌ಬಾರ್‌ಗೆ ಗುಡ್ ಇದೆ, ಒಂದರ ಅಂಕಿಗೆ ಅಗೇನ್. ಈ ಎರಡರಲ್ಲೇ ಕಾಲ ಕಳೆದರೂ ನಷ್ಟವಿಲ್ಲ. ಹತ್ತು ಸೆಕೆಂಡಾದರೂ ಹೊಳೆಯದಿದ್ದರೆ ಅಗೇನ್ ಒತ್ತಿ ಮುಂದೆ ಹೋಗಿ. ಮಾತಾಡುವಾಗ ಎದುರಿಗಿರುವವರು ಅಷ್ಟು ಹೊತ್ತು ಕಾಯುವುದಿಲ್ಲ.

ಇನ್ನು ಕಾರ್ಡ್. ಫಲಿತಾಂಶ ನಿಂತಿರುವುದೇ ಇದರ ಮೇಲೆ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ. ನಿಘಂಟಿನಿಂದ ಐದು ಅರ್ಥ ತಂದು ಹಿಂಬದಿಯಲ್ಲಿ ತುಂಬಿದರೆ, ಮೂರು ನೆನಪಾಗಿ ಎರಡು ಬಿಟ್ಟುಹೋದಾಗ ಯಾವ ಗುಂಡಿ ಒತ್ತುವುದು? ಓದುತ್ತಿದ್ದ ವಾಕ್ಯದಲ್ಲಿ ಆ ಪದಕ್ಕಿದ್ದ ಅರ್ಥವೊಂದನ್ನೇ ಬರೆಯಿರಿ, ಇನ್ನೊಂದು ಅರ್ಥ ಎದುರಾದ ದಿನ ಇನ್ನೊಂದು ಕಾರ್ಡ್ ಮಾಡಿ. ಜರ್ಮನ್ ನಾಮಪದವಾದರೆ ಬರೀ 'ಟಿಷ್' ಬೇಡ, 'ಡೇರ್ ಟಿಷ್' ಎಂದೇ ಇರಲಿ, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಬಹುವಚನ 'ಡೀ ಟಿಷೆ'. ಲಿಂಗವನ್ನು ಆಮೇಲೆ ಕಲಿತರಾಯಿತು ಎಂದು ಬಿಟ್ಟವರು ಸಾವಿರ ಕಾರ್ಡನ್ನು ಮತ್ತೆ ಮೊದಲಿಂದ ಕಲಿಯುವ ಪಾಡಿಗೆ ಬೀಳುತ್ತಾರೆ. ಪ್ರತಿ ಕಾರ್ಡಿಗೂ ಧ್ವನಿ ಇರಲೇಬೇಕು. ಆಂಕಿಯ ಟೆಂಪ್ಲೇಟ್‌ನಲ್ಲೇ ಪಠ್ಯವನ್ನು ಓದಿಸುವ ಸೌಲಭ್ಯವಿದೆ, ಸಾಧನದಲ್ಲಿ ಆ ಭಾಷೆಯ ಧ್ವನಿ ಇನ್‌ಸ್ಟಾಲ್ ಆಗಿದ್ದರೆ ಸಾಕು. ಅದಕ್ಕಿಂತ ಆ ಭಾಷೆ ಮನೆಮಾತಾಗಿರುವವರ ಧ್ವನಿಮುದ್ರಣ ಮೇಲು, ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವ ಚೀನಿಯಂಥ ಭಾಷೆಗಳಲ್ಲಂತೂ.

ವಾಕ್ಯ ಹಾಕುವುದು ಒಳ್ಳೆಯದೇ, ಆದರೆ ಉದ್ದನೆಯ ವಾಕ್ಯವನ್ನು ಮುಂಬದಿಯಲ್ಲಿ ಇಟ್ಟರೆ ಕಣ್ಣು ವಾಕ್ಯದ ಆಕಾರವನ್ನೇ ಗುರುತು ಹಿಡಿದುಬಿಡುತ್ತದೆ. ಕಾರ್ಡಿನಲ್ಲಿ ಥಟ್ಟನೆ ಹೊಳೆಯುವ ಪದ ಪುಸ್ತಕದಲ್ಲಿ ಸಿಕ್ಕಾಗ ಅಪರಿಚಿತ ಅನ್ನಿಸುವುದು ಇದರಿಂದಲೇ. ಐದಾರು ಪದದ ವಾಕ್ಯ ಸಾಕು. ಇಲ್ಲವೇ ಮುಂಬದಿಯಲ್ಲಿ ಪದ ಮಾತ್ರ, ವಾಕ್ಯ ಹಿಂಬದಿಗೆ.

ವಿದೇಶಿ ಪದ ನೋಡಿ ಅರ್ಥ ಹೇಳುವುದು ಸುಲಭ, ಅರ್ಥ ನೋಡಿ ಪದ ಹೇಳುವುದು ಕಷ್ಟ. ಎರಡೂ ದಿಕ್ಕಿನ ಕಾರ್ಡ್ ಬೇಕೆಂದರೆ ಬೇಸಿಕ್ ಆ್ಯಂಡ್ ರಿವರ್ಸ್ಡ್ ಎಂಬ ನೋಟ್ ಟೈಪ್ ಇದೆ. ಹತ್ತು ನೋಟ್ (ಹತ್ತು ಪದಗಳ ವಿವರ) ಹಾಕಿದರೆ ಇಪ್ಪತ್ತು ಕಾರ್ಡ್ ಹುಟ್ಟುತ್ತವೆ, ಮಿತಿ ಲೆಕ್ಕ ಹಾಕುವಾಗ ಇದು ನೆನಪಿರಲಿ. ಜೋಡಿ ಕಾರ್ಡನ್ನು ಆ ದಿನದ ಮಟ್ಟಿಗೆ ಮರೆಮಾಡುವ 'ಬರಿ ಸಿಬ್ಲಿಂಗ್ಸ್' (Bury siblings) ಆಯ್ಕೆ ಆನ್ ಮಾಡದಿದ್ದರೆ ಜೋಡಿಯ ಎರಡೂ ಒಂದೇ ದಿನ ಬಂದು, ಮೊದಲನೆಯದೇ ಎರಡನೆಯದಕ್ಕೆ ಉತ್ತರ ಹೇಳಿಕೊಡುತ್ತದೆ. ಉಲ್ಟಾ ದಿಕ್ಕಿನಲ್ಲಿ ಇನ್ನೊಂದು ತೊಡಕು: 'ಹೇಳು' ಎಂದು ಕೇಳಿದರೆ ಸ್ಪ್ಯಾನಿಷ್‌ನಲ್ಲಿ 'ದೆಸೀರ್' ಅನ್ನಬೇಕೋ, ಕಥೆ ಹೇಳುವ 'ಕೊಂತಾರ್' ಅನ್ನಬೇಕೋ? ಬಿಟ್ಟ ಸ್ಥಳ ತುಂಬುವ ಕ್ಲೋಜ್ ಕಾರ್ಡ್ ಮಾಡಿದರೆ ಈ ಗೊಂದಲವಿಲ್ಲ. ಎಲ್ಲ ಪದಕ್ಕೂ ಉಲ್ಟಾ ಕಾರ್ಡ್ ಬೇಕಿಲ್ಲ, ನಿಮ್ಮ ಬಾಯಲ್ಲಿ ಬರಬೇಕಾದ ಪದಗಳಿಗಷ್ಟೇ ಸಾಕು.

ಎಂಟು ಸಲ ಮರೆತ ಕಾರ್ಡಿಗೆ ಆಂಕಿ ಲೀಚ್ ಎಂಬ ಟ್ಯಾಗ್ ಅಂಟಿಸುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಅಮಾನತಿನಲ್ಲೂ ಇಡುತ್ತದೆ. ಜಿಗಣೆ ಎಂಬ ಹೆಸರು ಸರಿಯಾಗೇ ಇದೆ, ನಿಮ್ಮ ಸಮಯ ಹೀರುವುದು ಇವೇ. ಹಾಗೇ ಬಿಡುಗಡೆ ಮಾಡಿದರೆ ಮತ್ತೆ ಎಂಟು ಸಲ ಮರೆಯುವುದು ಖಂಡಿತ. ಸಾಮಾನ್ಯವಾಗಿ ಕಾರಣ ಇನ್ನೊಂದು ಪದದ ಜೊತೆಗಿನ ಹೋಲಿಕೆ. ಸ್ಪ್ಯಾನಿಷ್‌ನ ಕುಳಿತುಕೊಳ್ಳುವ 'ಸೆಂತಾರ್‌ಸೆ', ಅನ್ನಿಸುವ 'ಸೆಂತೀರ್‌ಸೆ' ಎರಡೂ ಉತ್ತಮ ಪುರುಷದಲ್ಲಿ 'ಮೆ ಸಿಯೆಂತೊ' ಆಗುತ್ತವೆ. ಇಂಥ ಜೋಡಿಯಲ್ಲಿ ಒಂದನ್ನು ಅಮಾನತಿನಲ್ಲಿಟ್ಟು, ಇನ್ನೊಂದು ಗಟ್ಟಿಯಾದ ಮೇಲೆ, 'ಮೆ ಸಿಯೆಂತೊ ಆಕಿ' ಎಂದರೆ ಇಲ್ಲಿ ಕೂರುತ್ತೇನೆ, 'ಮೆ ಸಿಯೆಂತೊ ಮಾಲ್' ಎಂದರೆ ಮೈ ಸರಿಯಿಲ್ಲ ಎಂದು ಸಣ್ಣ ವಾಕ್ಯ ಕೊಟ್ಟು ಹೊರತನ್ನಿ. ಬಣ್ಣಗಳೆಲ್ಲ ಒಂದೇ ದಿನ, ತಿಂಗಳುಗಳೆಲ್ಲ ಒಂದೇ ದಿನ ಎಂದು ಕಲಿತಾಗಲೂ ಹೀಗೆಯೇ ಒಂದಕ್ಕೊಂದು ಸಿಕ್ಕುಬೀಳುತ್ತವೆ. ವಿಷಯವಾರು ಪುಟ್ಟ ಪುಟ್ಟ ಡೆಕ್ ಮಾಡುವ ಚಟವೂ ಇದಕ್ಕೆ ಸೇರಿದ್ದೇ. ಭಾಷೆಗೊಂದು ಡೆಕ್ ಇರಲಿ, ವಿಷಯಕ್ಕೆ ಟ್ಯಾಗ್ ಹಾಕಿ.

ಕೆಲವು ದಿನ ತಪ್ಪಿ ರಾಶಿ ಬಿದ್ದರೆ ಡೆಕ್ ರೀಸೆಟ್ ಮಾಡುವುದು ಬೇಡ. ಹೊಸ ಕಾರ್ಡ್ ಮಿತಿಯನ್ನು ಸೊನ್ನೆಗೆ ಇಳಿಸಿ, ರಿವ್ಯೂ ಕ್ರಮದಲ್ಲಿ ಡಿಸೆಂಡಿಂಗ್ ರಿಟ್ರೀವಬಿಲಿಟಿ ಆರಿಸಿ. ಇನ್ನೂ ನೆನಪಿರುವ ಸಾಧ್ಯತೆ ಹೆಚ್ಚಿರುವವು ಮೊದಲು ಬಂದು ಉಳಿದುಕೊಳ್ಳುತ್ತವೆ. ಹೇಗೂ ಮರೆತುಹೋದವು ಇನ್ನೊಂದು ವಾರ ಕಾದರೆ ಹೆಚ್ಚೇನೂ ಕೆಡುವುದಿಲ್ಲ.

ಸಿಂಕ್‌ನಲ್ಲಿ ಒಂದೇ ಅಪಾಯ. ಹೊಸ ಫೋನಿನಲ್ಲಿ ಹಾಕಿಕೊಂಡಾಗ, ಇಲ್ಲವೇ ನೋಟ್ ಟೈಪ್‌ಗೆ ಹೊಸ ಫೀಲ್ಡ್ (ಪದ, ಅರ್ಥ, ಧ್ವನಿ ತುಂಬುವ ಖಾನೆ) ಸೇರಿಸಿದಾಗ, ಅಪ್‌ಲೋಡೋ ಡೌನ್‌ಲೋಡೋ ಎಂದು ಕೇಳಬಹುದು. ಯಾವುದನ್ನು ಆರಿಸಿದರೂ ಇನ್ನೊಂದು ಬದಿಯದು ಪೂರ್ತಿ ಅಳಿಯುತ್ತದೆ, ಎರಡನ್ನೂ ಬೆರೆಸುವುದಿಲ್ಲ. ಫೀಲ್ಡ್ ಬದಲಿಸುವ ಮುನ್ನ ಎಲ್ಲ ಸಾಧನಗಳನ್ನೂ ಸಿಂಕ್ ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಆಂಕಿ ತಾನಾಗಿ ಬ್ಯಾಕಪ್ ತೆಗೆಯುತ್ತದೆ, ಆದರೆ ಅದರಲ್ಲಿ ಚಿತ್ರ, ಧ್ವನಿ ಸೇರಿರುವುದಿಲ್ಲ. ಆಗಾಗ ಎಕ್ಸ್‌ಪೋರ್ಟ್‌ನಲ್ಲಿ ಮೀಡಿಯಾ ಸೇರಿಸಿ ಒಂದು ಪ್ರತಿ ಬೇರೆಡೆ ಇಟ್ಟುಕೊಳ್ಳಬೇಕು.

ನೋಡಲು ಆಂಕಿ ಚೆಂದವಿಲ್ಲ, ಮೆನುಗಳಲ್ಲಿ ದಾರಿ ತಪ್ಪುವುದು ಸಹಜ, ವ್ಯಾಕರಣ ಕಲಿಸುವುದಿಲ್ಲ, ಮಾತಾಡಿಸುವುದಂತೂ ಇಲ್ಲವೇ ಇಲ್ಲ. ಅಂಕ, ಪದಕ, ಪೈಪೋಟಿ ಇದ್ದರೆ ಮಾತ್ರ ಕೂರುತ್ತೇನೆ ಅನ್ನುವವರಿಗೆ ಇದು ಒಗ್ಗುವುದು ಕಷ್ಟ. ಪ್ರವಾಸಕ್ಕೆಂದು ನೂರಿನ್ನೂರು ಪದ ಸಾಕೆನ್ನುವವರು ಇಷ್ಟೆಲ್ಲ ಸೆಟ್ಟಿಂಗ್ ಕಲಿಯಬೇಕಾಗಿಯೂ ಇಲ್ಲ. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ರಟ್ಟಿನ ಪೆಟ್ಟಿಗೆ ಅವರಿಗೆ ಹೇಳಿಮಾಡಿಸಿದ್ದು: ಐದು ಖಾನೆ, ಸರಿಯಾದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ, ಮುಂದುಮುಂದಿನ ಖಾನೆಗಳನ್ನು ಹೆಚ್ಚೆಚ್ಚು ದಿನ ಬಿಟ್ಟು ತೆಗೆಯುವುದು. ಚೀಟಿ ಸಾವಿರ ದಾಟಿದಾಗ ಆಂಕಿಗೆ ಬಂದರಾಯಿತು.