ಸಣ್ಣ ದೋಣಿಯಲ್ಲಿ ಕಾಫಿ: ಮೋಕಾ ಪಾಟ್, ಫ್ರೆಂಚ್ ಪ್ರೆಸ್, ಏರೋಪ್ರೆಸ್

ಮೋಕಾ ಪಾಟ್ ಅಂದರೆ ಒಲೆಯ ಮೇಲಿಟ್ಟು ಆವಿಯ ಒತ್ತಡದಿಂದ ಕಾಫಿ ಇಳಿಸುವ ಪಾತ್ರೆ. ಫ್ರೆಂಚ್ ಪ್ರೆಸ್ ಅಂದರೆ ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿಯಿಂದ ಕೆಳಗೆ ಒತ್ತುವ ಜಗ್. ಏರೋಪ್ರೆಸ್ ಅಂದರೆ ಕಾಫಿಯನ್ನು ಫಿಲ್ಟರ್ ಮೂಲಕ ಕೈಯಿಂದ ಒತ್ತಿ ಇಳಿಸುವ ಕೊಳವೆ. ಮೂರರಲ್ಲೂ ಒಳ್ಳೆಯ ಕಾಫಿ ಆಗುತ್ತದೆ. ಆದರೆ ದೋಣಿಯಲ್ಲಿ ರುಚಿಗಿಂತ ಮೊದಲು ನೋಡಬೇಕಾದದ್ದು ಅಲುಗಾಟ ಮತ್ತು ಸಿಹಿನೀರು.

ಮೋಕಾ ಪಾಟ್‌ನಲ್ಲಿ ನೀರು, ಪುಡಿ ಎಲ್ಲ ಒಳಗೇ ಇರುತ್ತದೆ. ಕುದಿನೀರು ಸುರಿಯುವ ಕೆಲಸವಿಲ್ಲ. ಆದರೆ ತಳ ಚಿಕ್ಕದು, ಬೇಗ ಜಾರುತ್ತದೆ. ಒಲೆಗೆ ಪಾತ್ರೆ ಹಿಡಿಯುವ ಕ್ಲ್ಯಾಂಪ್ ಇಲ್ಲದಿದ್ದರೆ ಅಲೆಯಲ್ಲಿ ಅದನ್ನು ಇಡಲೇಬೇಡಿ. ಉಳಿದೆರಡಕ್ಕೆ ಬಿಸಿನೀರು ಸುರಿಯಲೇಬೇಕು. ಅದಕ್ಕೆ ಸಿಂಕ್ ಒಳಗೇ ಸರಿಯಾದ ಜಾಗ. ಚೆಲ್ಲಿದರೂ ಹೆಚ್ಚಿನದು ಸಿಂಕಿಗೇ ಬೀಳುತ್ತದೆ. ಏರೋಪ್ರೆಸ್‌ಗೆ 80 ಡಿಗ್ರಿ ಆಸುಪಾಸಿನ ನೀರೂ ಸಾಕು, ಕುದಿಯಬೇಕಿಲ್ಲ.

ತೊಳೆಯುವಾಗ ನಿಜವಾದ ವ್ಯತ್ಯಾಸ ಗೊತ್ತಾಗುತ್ತದೆ. ಏರೋಪ್ರೆಸ್‌ನಲ್ಲಿ ಚರಟ ಬಿಲ್ಲೆಯಂತೆ ಹೊರಬೀಳುತ್ತದೆ, ಒಂದು ಗುಟುಕು ನೀರಲ್ಲಿ ಕೆಲಸ ಮುಗಿಯಿತು. ಫ್ರೆಂಚ್ ಪ್ರೆಸ್‌ನ ತಳಕ್ಕೂ ಜಾಲರಿಗೂ ಚರಟ ಅಂಟಿಕೊಳ್ಳುತ್ತದೆ. ಟ್ಯಾಂಕ್ ಸಣ್ಣದಿದ್ದರೆ ಇದು ದುಬಾರಿ ಅಲ್ವಾ?

ಬಾಳಿಕೆಗೆ ಬಂದರೆ, ಗಾಜಿನ ಫ್ರೆಂಚ್ ಪ್ರೆಸ್ ದೋಣಿಗೆ ಬೇಡವೇ ಬೇಡ, ಸ್ಟೀಲಿನದು ಕೊಳ್ಳಿ. ಮೋಕಾ ಪಾಟ್ ಕೂಡ ಸ್ಟೀಲಿನದೇ ಇರಲಿ, ಉಪ್ಪುನೀರು ಅಲ್ಯೂಮಿನಿಯಂ ತಿನ್ನುತ್ತದೆ. ಸಾಮಾನ್ಯ ಏರೋಪ್ರೆಸ್ ಪ್ಲಾಸ್ಟಿಕ್, ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಕಾಗದದ ಫಿಲ್ಟರ್ ಮಾತ್ರ ಒದ್ದೆಯಾಗದಂತೆ ಡಬ್ಬಿಯಲ್ಲಿಡಿ.

ಒಬ್ಬರೇ ಹೋಗುತ್ತೀರಾ, ನೀರು ಕಡಿಮೆಯೇ? ಏರೋಪ್ರೆಸ್. ಲಂಗರು ಹಾಕಿ ನಾಲ್ಕು ಜನ ಕೂತು ಕುಡಿಯುವುದಾದರೆ ಸ್ಟೀಲ್ ಫ್ರೆಂಚ್ ಪ್ರೆಸ್. ಒಲೆಗೆ ಕ್ಲ್ಯಾಂಪ್ ಇದೆ, ಹಾಲಿಗೆ ಗಟ್ಟಿ ಡಿಕಾಕ್ಷನ್ ಬೇಕು ಅನ್ನುವವರಿಗೆ ಮೋಕಾ ಪಾಟ್.