ಬಾಲಮಂದಿರಗಳ ತಪಾಸಣೆ: ಕಾಯ್ದೆ ಗಟ್ಟಿ, ಭೇಟಿಯ ಹೊತ್ತು ತಪ್ಪು

ಕೊಪ್ಪಳ, ರಾಯಚೂರು ಕಡೆಯ ಮಕ್ಕಳ ಪಾಲನಾ ಸಂಸ್ಥೆಗಳ ತಪಾಸಣೆಯನ್ನು ಒಂದು ಸೇವೆ ಎಂದೇ ತೂಗಿ ನೋಡಬೇಕು. ಆ ಸೇವೆ ಸಲ್ಲಬೇಕಾದದ್ದು ಇಲಾಖೆಗಲ್ಲ, ಒಳಗಿರುವ ಮಗುವಿಗೆ.

ಕಾನೂನಿನಲ್ಲಿ ಕೊರತೆ ಕಡಿಮೆ. 2015ರ ಬಾಲನ್ಯಾಯ ಕಾಯ್ದೆಯ 54ನೇ ಕಲಂ ಪ್ರಕಾರ ಮೂರು ತಿಂಗಳಿಗೆ ಒಮ್ಮೆಯಾದರೂ ತಪಾಸಣಾ ತಂಡದ ಭೇಟಿ ಆಗಲೇಬೇಕು. ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ. ವಾರದೊಳಗೆ ವರದಿ, 2021ರ ತಿದ್ದುಪಡಿಯಿಂದ ಅದು ಹೋಗುವುದು ಜಿಲ್ಲಾಧಿಕಾರಿಗೆ. ತಿಂಗಳೊಳಗೆ ಕ್ರಮ. ಇಷ್ಟಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು.

ಎಡವುವುದು ಹೊತ್ತಿನಲ್ಲಿ. ಬೆಳಿಗ್ಗೆ 11ಕ್ಕೆ, ಅದೂ ಫೋನ್ ಮಾಡಿ ಹೋದರೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಸಿಗುವುದು ಗುಡಿಸಿ ಒರೆಸಿದ ನೆಲ, ಸಹಿಯಾದ ವಹಿ. ಇಂಥ ಭೇಟಿಗೆ ಒಂದೇ ಅಂಕ. ಹೋಗಬೇಕಾದದ್ದು ರಾತ್ರಿ ಏಳೂವರೆಗೆ, ಊಟಕ್ಕೆ ಕೂತಾಗ, ಹೇಳದೆ. ಹಾಜರಿ ಪುಸ್ತಕದ ಹೆಸರು, ತಟ್ಟೆ, ಹಾಸಿಗೆ, ಹಲ್ಲುಜ್ಜುವ ಬ್ರಷ್ಷು, ನಾಲ್ಕೂ ತಾಳೆಯಾಗಬೇಕು. ಬ್ರಷ್ಷಿನ ಎಳೆ ಬೆರಳಲ್ಲಿ ಮುಟ್ಟಿ ನೋಡಿ: ಅಂಗಡಿಯಿಂದ ತಂದಾಗಿನ ಹಾಗೇ ನೆಟ್ಟಗೆ, ಗರಿಗರಿಯಾಗಿ ಇದ್ದರೆ ಅದು ತೋರಿಸಲು ಇಟ್ಟದ್ದು.

ಅಳತೆ ಟೇಪು ಮರೆಯಬಾರದು. ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ, ಅಂದರೆ 25 ಮಕ್ಕಳಿಗೆ 1000. ಏಳು ಮಕ್ಕಳಿಗೆ ಒಂದು ಶೌಚಾಲಯ, ಹತ್ತಕ್ಕೆ ಒಂದು ಸ್ನಾನದ ಮನೆ. ಬೀಗ ಹಾಕಿದ್ದನ್ನೂ ನಲ್ಲಿಯಲ್ಲಿ ನೀರು ಬಾರದ್ದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ತಗಡಿನ ಚಾವಣಿ ಇದ್ದರೆ ಏಪ್ರಿಲ್‌ನ ಮಧ್ಯಾಹ್ನ ಒಂದು ಗಳಿಗೆ ಒಳಗೆ ನಿಲ್ಲಿ. ರಾಯಚೂರಿನ ಬಿಸಿಲು ಉಳಿದದ್ದನ್ನು ಹೇಳುತ್ತದೆ.

ಔಷಧಿ ಬೀರುವಿನ ಹತ್ತಿರ ಅವಸರ ಸಲ್ಲ. ಮೂರ್ಛೆರೋಗದ ಮಾತ್ರೆ ದಿನಕ್ಕೆ ಎರಡರಂತೆ 15 ದಿನಕ್ಕೆ 30 ಖರ್ಚಾಗಬೇಕು. ವಹಿಯಲ್ಲಿ ಎಲ್ಲ ದಿನವೂ ಗುರುತು ಬಿದ್ದು ಬೀರುವಿನಲ್ಲಿ ಎಂಟು ಉಳಿದಿದ್ದರೆ, ಎಂಟು ಹೊತ್ತು ಆ ಮಗುವಿಗೆ ಮಾತ್ರೆ ಸಿಕ್ಕಿಲ್ಲ. ವೈದ್ಯಾಧಿಕಾರಿ ಬೇಕೇ ಬೇಕು ಅನ್ನುವುದು ಇದಕ್ಕೇ.

ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಶುದ್ಧೀಕರಣ ಯಂತ್ರ ಇದೆಯೇ ಎಂದು ಕೇಳಿ ಬಿಟ್ಟರೆ ಸಾಲದು. ಅದರಿಂದ ಹೊರಬರುವ ನೀರನ್ನು ಪರೀಕ್ಷೆಗೆ ಕಳಿಸಬೇಕು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಆಗದು.

ಸಲಹಾ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆಗೆಯಬೇಕು, ಅಲ್ಲಿನ ಮಕ್ಕಳೇ ಸದಸ್ಯರಾಗಿರುವ ಮಕ್ಕಳ ಸಮಿತಿಯವರ ಎದುರಿಗೆ. ಬೀಗಕ್ಕೆ ತುಕ್ಕು, ಸೀಳಿನಲ್ಲಿ ಜೇಡರ ಬಲೆ ಕಂಡರೆ ಅದನ್ನೇ ವರದಿಯಲ್ಲಿ ಬರೆಯಿರಿ. ಅಧೀಕ್ಷಕರ ಕೋಣೆಯ ಬಾಗಿಲಿಗೇ ಪೆಟ್ಟಿಗೆ ತೂಗುಹಾಕಿದರೆ ಯಾವ ಮಗು ಚೀಟಿ ಹಾಕೀತು? ಮಾತಾಡಿಸುವಾಗಲೂ ಅಷ್ಟೇ, ಸಿಬ್ಬಂದಿ ಕಣ್ಣಳತೆಯಲ್ಲಿ ಇರಬಾರದು.

ದೊಡ್ಡ ಕೊರತೆ 18 ತುಂಬಿದ ಮೇಲಿನದು. ಬೌದ್ಧಿಕ ಅಂಗವಿಕಲತೆ ಇರುವವರು ವಯಸ್ಕರ ವಸತಿಗೃಹಕ್ಕೆ ಹೋದರೆ, ಅಲ್ಲಿಗೆ ಅನ್ವಯಿಸುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಂಸ್ಥೆಗೆ ನೋಂದಣಿ ಬೇಕು ಅನ್ನುತ್ತದೆ. ಮೂರು ತಿಂಗಳ ಭೇಟಿಯನ್ನು ಕಡ್ಡಾಯ ಮಾಡಿಲ್ಲ. ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಮನುಷ್ಯನಿಗೆ ವಯಸ್ಸು 17 ಆದರೇನು, 19 ಆದರೇನು? ಅದೇ ಟೇಪು, ಅದೇ ಮಾತ್ರೆ ಲೆಕ್ಕ ಅಲ್ಲಿಗೂ ಹೋಗಬೇಕು.