ಪೈಲಟ್ ಮನೆಯವರ ಸ್ಟ್ಯಾಂಡ್‌ಬೈ ಪಾಸ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನ ಮಗಳು ಅಮೆರಿಕದ ಒಂದು ವಿಮಾನ ಸಂಸ್ಥೆಯಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಆಗಿದ್ದಾಳೆ. ಅವಳ ನೌಕರಿಯ ಮೂಲಕ ತಂದೆ-ತಾಯಿಯಾದ ನಮಗೆ ದೊರೆತಿರುವ ಸ್ಟ್ಯಾಂಡ್‌ಬೈ ಪ್ರಯಾಣ ಸೌಲಭ್ಯವನ್ನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಬಂಧುಗಳು ಇದನ್ನು ಬಿಟ್ಟಿ ವಿಮಾನ ಪ್ರಯಾಣವೆಂದೇ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಇದು ಮಾರಾಟವಾಗದೆ ಉಳಿದ ಸೀಟಿನ ಮೇಲೆ ಮಾತ್ರ ಸಿಗುವ ಹಕ್ಕು. ಸೀಟು ಉಳಿಯದಿದ್ದರೆ ಆ ಹಕ್ಕಿಗೂ ಬೆಲೆಯಿಲ್ಲ.

ವ್ಯವಸ್ಥೆ ಸರಳವಾಗಿದೆ. ಸಿಬ್ಬಂದಿ ಜಾಲತಾಣದಲ್ಲಿ ವಿಮಾನವನ್ನು ಆರಿಸಿ ಹೆಸರು ನೋಂದಾಯಿಸಬೇಕು, ಗೇಟಿನ ಬಳಿ ಕಾಯಬೇಕು, ಟಿಕೆಟ್ ಕೊಂಡವರೆಲ್ಲ ಹತ್ತಿದ ಮೇಲೆ ಹೆಸರು ಕೂಗಿದರೆ ಒಳಗೆ ಹೋಗಬೇಕು. ಪಟ್ಟಿಯಲ್ಲಿ ಯಾರು ಮೊದಲು ಎಂಬುದನ್ನು ಕೆಲವು ಸಂಸ್ಥೆಗಳು ನೌಕರಿಯ ಹಿರಿತನದಿಂದಲೂ ಕೆಲವು ಚೆಕ್-ಇನ್ ಮಾಡಿದ ಸಮಯದಿಂದಲೂ ತೀರ್ಮಾನಿಸುತ್ತವೆ. ನಮ್ಮಲ್ಲಿ ಹಿರಿತನದ ಪದ್ಧತಿ ಇರುವುದರಿಂದಲೂ, ತಂದೆ-ತಾಯಿಯರು ನೌಕರರಿಗಿಂತ ಕೆಳಗಿನ ವರ್ಗಕ್ಕೆ ಸೇರುವುದರಿಂದಲೂ ನನ್ನ ಹೆಸರು ಸಾಮಾನ್ಯವಾಗಿ ಪಟ್ಟಿಯ ಕೊನೆಯ ಭಾಗದಲ್ಲಿರುತ್ತದೆ. ಬೇರೆ ಸಂಸ್ಥೆಗಳ ವಿಮಾನಗಳಿಗಾದರೆ ಜೆಡ್‌ಇಡಿ ಎಂಬ ಪರಸ್ಪರ ಒಪ್ಪಂದವಿದೆ. ಅಲ್ಲಿ ದೂರದ ವಲಯಕ್ಕೆ ತಕ್ಕಂತೆ ಸಣ್ಣ ದರವೊಂದನ್ನು ಕೊಡಬೇಕಾಗುತ್ತದೆ.

ಹೊಸಬರಿಗೆ ಮುಖ್ಯವಾಗಿ ತಿಳಿಸಬೇಕಾದ ಮಾತೊಂದಿದೆ: ಹಿಂದಿನ ರಾತ್ರಿ ಪರದೆಯ ಮೇಲೆ ಕಾಣುವ ಖಾಲಿ ಸೀಟುಗಳನ್ನು ನಂಬಬಾರದು. ಒಮ್ಮೆ ಇಪ್ಪತ್ತಕ್ಕೂ ಹೆಚ್ಚು ಸೀಟು ಉಳಿದಿದ್ದ ವಿಮಾನಕ್ಕೆ ಧೈರ್ಯದಿಂದ ಹೋಗಿದ್ದೆವು. ಅದಕ್ಕಿಂತ ಮುಂಚಿನ ವಿಮಾನ ರದ್ದಾಗಿ ಅದರ ಪ್ರಯಾಣಿಕರೆಲ್ಲ ಇದಕ್ಕೆ ಬಂದರು. ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ಕುಳಿತವರು ಹೊರಟದ್ದು ಮರುದಿನ. ಇನ್ನೊಮ್ಮೆ ಸೀಟುಗಳು ಕಣ್ಣೆದುರಿಗೇ ಖಾಲಿಯಿದ್ದರೂ ನಮ್ಮನ್ನು ಹತ್ತಿಸಲಿಲ್ಲ, ಏಕೆಂದರೆ ಕಡುಬಿಸಿಲಿನ ದಿನ ವಿಮಾನ ಹೊತ್ತು ಮೇಲೇರಬಲ್ಲ ತೂಕ ಕಡಿಮೆಯಾಗುತ್ತದೆ. ಗೇಟಿನ ಸಿಬ್ಬಂದಿ ಎರಡು ಸಲವೂ ಸೌಜನ್ಯದಿಂದಲೇ ನಡೆದುಕೊಂಡರು. ನಿವೃತ್ತಳಾದ ನನಗೆ ಒಂದು ದಿನ ತಡವಾದರೆ ನಷ್ಟವಿಲ್ಲ. ವಾರದ ನಡುವೆ, ಮೊದಲ ವಿಮಾನಕ್ಕೆ, ಕೈಚೀಲದ ಸಾಮಾನಿನೊಂದಿಗೆ ಹೊರಟರೆ ಬಹುಮಟ್ಟಿಗೆ ಸೀಟು ಸಿಗುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಈ ಸೌಲಭ್ಯಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಮಗಳ ಮಟ್ಟಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಅವಳ ಬೇಸ್, ಅಂದರೆ ಪಾಳಿ ಶುರುವಾಗುವ ಊರು, ಒಂದು ನಗರ; ಮನೆ ಇನ್ನೊಂದು ನಗರ. ಪ್ರತಿ ಪಾಳಿಗೂ ಇದೇ ಸ್ಟ್ಯಾಂಡ್‌ಬೈ ಸೀಟಿನಲ್ಲಿ, ಅದು ಸಿಗದಿದ್ದರೆ ಕ್ಯಾಪ್ಟನ್ನರ ಅನುಮತಿ ಪಡೆದು ಕಾಕ್‌ಪಿಟ್‌ನ ಜಂಪ್‌ಸೀಟ್ ಎಂಬ ಹೆಚ್ಚುವರಿ ಆಸನದಲ್ಲಿ ಕುಳಿತು ಕೆಲಸಕ್ಕೆ ಹೋಗುತ್ತಾಳೆ. ಅಮೆರಿಕದಲ್ಲಿ 2014ರ ಜನವರಿ 4ರಿಂದ ಪ್ರಯಾಣಿಕ ವಿಮಾನಗಳ ಪೈಲಟ್‌ಗಳಿಗೆ ಜಾರಿಯಲ್ಲಿರುವ, ಕೆಲಸ ಮತ್ತು ವಿಶ್ರಾಂತಿಯ ಮಿತಿಗಳನ್ನು ಹೇಳುವ ವಿಮಾನಯಾನ ನಿಯಮಾವಳಿಯ ಭಾಗ 117ರ ನಿಯಮಗಳು ಬಹಳ ವಿವೇಚನೆಯಿಂದ ರೂಪುಗೊಂಡಿವೆ. ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಿ ಹಾರಾಟದ ಸಮಯ, ಕರ್ತವ್ಯಕ್ಕೆ ಹಾಜರಾದ ಹೊತ್ತಿಗೆ ಅನುಗುಣವಾಗಿ, ಎಂಟು ಅಥವಾ ಒಂಬತ್ತು ಗಂಟೆಗಳನ್ನು ಮೀರುವಂತಿಲ್ಲ; ಕರ್ತವ್ಯಕ್ಕೆ ಮುನ್ನ 10 ಗಂಟೆಗಳ ವಿಶ್ರಾಂತಿ ಇರಬೇಕು ಮತ್ತು ಅದರಲ್ಲಿ 8 ಗಂಟೆ ಅಡಚಣೆಯಿಲ್ಲದೆ ಮಲಗುವ ಅವಕಾಶವಿರಬೇಕು; 168 ಗಂಟೆಗಳ ಯಾವುದೇ ಅವಧಿಯಲ್ಲಿ ಸತತ 30 ಗಂಟೆ ಬಿಡುವು ಸಿಗಬೇಕು; 365 ದಿನಗಳಲ್ಲಿ ಹಾರಾಟ 1,000 ಗಂಟೆಗಳನ್ನು ದಾಟಬಾರದು. ರಾತ್ರಿ ಆರಂಭವಾಗುವ ಪಾಳಿಗೆ ಮಿತಿ ಇನ್ನೂ ಬಿಗಿಯಾಗಿದೆ.

ಆದರೆ ಮನೆಯಿಂದ ಬೇಸ್‌ಗೆ ಹೋಗುವ ಪ್ರಯಾಣ ಈ ಲೆಕ್ಕದಲ್ಲಿ ಕರ್ತವ್ಯವಲ್ಲ. ಸಂಸ್ಥೆಯೇ ಕೆಲಸಕ್ಕಾಗಿ ಪ್ರಯಾಣಿಕಳಾಗಿ ಕಳುಹಿಸಿದರೆ, ಅಂದರೆ ಡೆಡ್‌ಹೆಡ್ ಆದರೆ, ಆ ಗಂಟೆಗಳು ಕರ್ತವ್ಯಕ್ಕೆ ಸೇರುತ್ತವೆ; ಅದೇ ದಾರಿಯಲ್ಲಿ, ಅದೇ ವಿಮಾನದಲ್ಲಿ ಅವಳು ತಾನಾಗಿ ಹೋದರೆ ಅದು ಅವಳ ಬಿಡುವಿನ ಸಮಯ. ಹೀಗಾಗಿ ಸಂಜೆಯ ಪಾಳಿಗೆ ಮುಂಜಾನೆ ನಾಲ್ಕಕ್ಕೆ ಎದ್ದು, ಎರಡು ವಿಮಾನಗಳಲ್ಲಿ ಸೀಟು ಸಿಗದೆ ಮೂರನೆಯದರಲ್ಲಿ ಹೋದ ಮಗಳು ಕಾಗದದ ಮೇಲೆ ಪೂರ್ಣ ವಿಶ್ರಾಂತಿ ಪಡೆದವಳಾಗಿರುತ್ತಾಳೆ. ಹಾರಾಟಕ್ಕೆ ತಾನು ಸಮರ್ಥಳೆಂದು ಪ್ರತಿ ಸಲ ದೃಢಪಡಿಸುವ ಹೊಣೆ ಮಾತ್ರ ಅವಳದೇ. ಸುಸ್ತಾಗಿದೆ ಎಂದು ಹೇಳಿ ಪಾಳಿಯಿಂದ ಹಿಂದೆ ಸರಿದ ದಿನಗಳೂ ಇವೆ, ಮತ್ತು ಹಾಗೆ ಸರಿದದ್ದಕ್ಕಾಗಿ ಅವಳ ಬಗ್ಗೆ ನನಗೆ ಗೌರವವಿದೆ.

ಈ ನಿಯಮಗಳ ಹಿಂದೆ 2009ರ ಫೆಬ್ರವರಿ 12ರ ರಾತ್ರಿ ಬಫಲೋ ಬಳಿ ಬಿದ್ದ ಕೋಲ್ಗನ್ ಏರ್ 3407 ವಿಮಾನದ ದುರಂತವಿದೆ. ಅದರಲ್ಲಿ ನೆಲದ ಮೇಲಿದ್ದ ಒಬ್ಬರೂ ಸೇರಿ 50 ಮಂದಿ ತೀರಿಕೊಂಡರು. ವೇಗ ಕುಸಿದ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣವೆಂದು ತನಿಖೆ ತೀರ್ಮಾನಿಸಿತು. ಆದರೆ ಫಸ್ಟ್ ಆಫೀಸರ್ ಹಿಂದಿನ ರಾತ್ರಿಯಿಡೀ ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ನ್ಯೂಅರ್ಕ್‌ಗೆ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರೆಂಬುದೂ, ಕ್ಯಾಪ್ಟನ್ ಸಿಬ್ಬಂದಿ ಕೊಠಡಿಯಲ್ಲಿ ರಾತ್ರಿ ಕಳೆದಿದ್ದರೆಂಬುದೂ ಅದೇ ತನಿಖೆಯಿಂದ ಗೊತ್ತಾಯಿತು. ಇದನ್ನು ಓದಿದ ಮೇಲೆ ಮಗಳ ಸ್ಟ್ಯಾಂಡ್‌ಬೈ ಪಟ್ಟಿಯನ್ನು ನಾನು ಮೊದಲಿನಂತೆ ನೋಡಲಾಗಿಲ್ಲ.

ಆದ್ದರಿಂದ ಈಗಷ್ಟೇ ಕೆಲಸಕ್ಕೆ ಸೇರುವ ಯುವ ಪೈಲಟ್‌ಗಳ ಮನೆಯವರು ಪಾಸ್ ಇದೆಯೇ ಎಂದು ಕೇಳುವ ಮೊದಲು ಬೇಸ್ ಎಲ್ಲಿ, ರಿಸರ್ವ್‌ನಲ್ಲಿ, ಅಂದರೆ ನಿಗದಿತ ಪಾಳಿಯಿಲ್ಲದೆ ಕರೆದಾಗ ಹೋಗಲು ಸಿದ್ಧವಾಗಿ, ಎಷ್ಟು ಕಾಲ ಇರಬೇಕಾದೀತು, ಸೀಟು ಸಿಗದೆ ಪಾಳಿ ತಪ್ಪಿದರೆ ಶಿಕ್ಷೆಯಿಲ್ಲವೆಂಬ ಕಲಮು ಒಪ್ಪಂದದಲ್ಲಿದೆಯೇ ಎಂದು ವಿಚಾರಿಸಬೇಕು. ಮಗಳು ಕಳೆದ ವರ್ಷದಿಂದ ಬೇಸ್‌ನಲ್ಲೊಂದು ಕೊಠಡಿ ಬಾಡಿಗೆಗೆ ಹಿಡಿದು, ಪಾಳಿಯ ಹಿಂದಿನ ದಿನವೇ ಹೋಗಿ ಮಲಗುತ್ತಾಳೆ. ಆ ಬಾಡಿಗೆಯನ್ನು ಅವಳೇ ಕೊಡುತ್ತಾಳೆ. ಕೆಲಸಕ್ಕೆ ಹೋಗುವ ದಿನವಾದರೂ ಪೈಲಟ್‌ಗೆ ಖಚಿತ ಸೀಟು ಕೊಡುವುದಾದರೆ, ನಮ್ಮಂಥ ತಂದೆ-ತಾಯಿಯರ ಪಾಸ್‌ಗಳನ್ನು ಅರ್ಧಕ್ಕೆ ಇಳಿಸಿದರೂ ನಾನು ಸಂತೋಷದಿಂದ ಒಪ್ಪುತ್ತೇನೆ.